ಕಾರಿನ ರೇಡಿಯೋ ಮೌನ ತಾಳಿದಾಗ

ಕೆಟ್ಟು ನಿಂತ ಯಂತ್ರದ ಸುತ್ತ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇಬ್ಬರು ವೈದ್ಯರು ಸೇರುತ್ತಾರೆ. ಒಬ್ಬರು ಅದರ ನೆತ್ತಿಯ ಮೇಲೆ ಎರಡು ಏಟು ಹಾಕುವವರು. ಇನ್ನೊಬ್ಬರು "ಹಳೆಯದಾಯಿತು, ಹೊಸದು ತಂದರಾಯಿತು" ಎಂದು ತೀರ್ಪು ಕೊಡುವವರು. ಮೊದಲನೆಯವರ ಚಿಕಿತ್ಸೆಯಿಂದ ಆಗೊಮ್ಮೆ ಈಗೊಮ್ಮೆ ಗುಣ ಕಾಣುವುದೂ ಉಂಟು. ಸಡಿಲಗೊಂಡ ಬೆಸುಗೆಯೊಂದು ಏಟಿನ ರಭಸಕ್ಕೆ ಕ್ಷಣಕಾಲ ಕೂಡಿಕೊಳ್ಳುತ್ತದೆ. ಎರಡನೆಯವರದು ಹಣವಿದ್ದವರಿಗೆ ಸುಲಭವಾದ ಹಾದಿ. ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ ನನಗೆ ಮೂರನೆಯದೊಂದು ಹಾದಿಯ ಮೇಲೆ ಒಲವು. ವಿದ್ಯುತ್ತು ಎಲ್ಲಿಂದ ಹೊರಟು ಎಲ್ಲಿಗೆ ಮರಳಬೇಕೋ ಆ ದಾರಿಯನ್ನು ನಾನೂ ಹೆಜ್ಜೆಹೆಜ್ಜೆಯಾಗಿ ನಡೆದು, ಅದು ಎಲ್ಲಿ ನಿಂತಿತೆಂದು ನೋಡುವುದು. 2012ರಲ್ಲಿ ನಮ್ಮ ಕಾರಿನ ರೇಡಿಯೋ ಮಾತು ನಿಲ್ಲಿಸಿದಾಗ ಈ ಹಾದಿಯನ್ನೇ ಹಿಡಿದೆ. ಕಾರು ಇರುವ ಮನೆಗಳು ಈಗ ಹೆಚ್ಚಾಗಿವೆ; ಆ ನಾಲ್ಕು ದಿನಗಳ ವೃತ್ತಾಂತ ಯಾರಿಗಾದರೂ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

ಮೊದಲು ಆ ರೇಡಿಯೋ ಯಾರದೆಂದು ಹೇಳಬೇಕು. ಕಾಗದಪತ್ರದ ಮೇಲೆ ಕಾರು ನಮ್ಮ ಯಜಮಾನರದು. ರೇಡಿಯೋ ಮಾತ್ರ ನನ್ನ ಮಾವನವರದು. ಅವರು ನವಲಗುಂದ ಸೀಮೆಯ ಎರೆಹೊಲದಲ್ಲಿ ಒಕ್ಕಲುತನ ಮಾಡಿ ಬಾಳಿದವರು. ಸಕ್ಕರೆ ಕಾಯಿಲೆ ಮೊದಲು ಅವರ ಕಣ್ಣುಗಳನ್ನು ತೆಗೆದುಕೊಂಡಿತು, ಅನಂತರ ಮೂತ್ರಪಿಂಡಗಳನ್ನು. 2010ರಲ್ಲಿ ಹೊಲವನ್ನು ಲಾವಣಿಗೆ ಕೊಟ್ಟು ಧಾರವಾಡಕ್ಕೆ ನಮ್ಮ ಮನೆಗೆ ಬಂದರು. ನಾನೂ ಅದೇ ವರ್ಷ ಶಾಲೆಯ ಕೆಲಸ ಬಿಟ್ಟೆ. ಯಜಮಾನರಿಗೆ ಬ್ಯಾಂಕಿನ ನೌಕರಿ, ವಿಜಯಪುರಕ್ಕೆ ವರ್ಗವಾಗಿತ್ತು. ಹಾಗಾಗಿ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಬೆಳಗಿನ ಜಾವದಲ್ಲಿ ಮಾವನವರನ್ನು ಡಯಾಲಿಸಿಸ್‌ಗಾಗಿ ಹುಬ್ಬಳ್ಳಿಗೆ ಕರೆದೊಯ್ಯುವ ಹೊಣೆ ನನ್ನದಾಯಿತು. ಹೋಗಲು ಇಪ್ಪತ್ತು ಕಿಲೋಮೀಟರ್, ಯಂತ್ರದ ಮುಂದೆ ನಾಲ್ಕು ತಾಸು, ಮರಳಿ ಇಪ್ಪತ್ತು ಕಿಲೋಮೀಟರ್.

ಮನೆಯಲ್ಲಿ ಅವರು ಮಾತನಾಡುತ್ತಿರಲಿಲ್ಲವೆಂದೇ ಹೇಳಬೇಕು. ಕೇಳಿದ್ದಕ್ಕೆ ಉತ್ತರ, ಕೊಟ್ಟಷ್ಟು ಊಟ, ಅಳೆದು ಕುಡಿಯಬೇಕಾದ ನೀರು. ಕಾರಿನಲ್ಲಿ ಅವರು ಬೇರೆಯೇ ಮನುಷ್ಯರು. ಮುಂದಿನ ಆಸನದಲ್ಲಿ ಕುಳಿತು ಬೆಲ್ಟು ಬಿಗಿಸಿಕೊಂಡೊಡನೆ ಅವರ ಬಲಗೈಯ ತೋರುಬೆರಳು ತಡಕಾಡದೆ ರೇಡಿಯೋದ ಮೊದಲ ಗುಂಡಿಯ ಮೇಲೆ ಹೋಗಿ ಕೂರುತ್ತಿತ್ತು. ಅದನ್ನು ಅವರು ರೇಡಿಯೋ ಎಂದು ಕರೆದವರೇ ಅಲ್ಲ, "ಧಾರವಾಡ" ಎಂದೇ ಕರೆಯುತ್ತಿದ್ದರು. "ಧಾರವಾಡ ಹಚ್ಚತೀನವಾ" ಎಂದು ಗುಂಡಿ ಒತ್ತಿದರೆ 765 ಕಿಲೋಹರ್ಟ್ಸ್ ಮಧ್ಯಮ ತರಂಗದಲ್ಲಿ ಆಕಾಶವಾಣಿಯ ಧಾರವಾಡ ಕೇಂದ್ರ ಮಾತನಾಡುತ್ತಿತ್ತು. ಹೊತ್ತಿಗೆ ತಕ್ಕಂತೆ ಹಾಡು, ವಾರ್ತೆ, ಚಿಂತನ, ರೈತರಿಗೆ ನಾಲ್ಕು ಮಾತು. ಕಡಲೆಯ ಕೀಟಕ್ಕೆ ಇಂಥ ಔಷಧಿ ಸಿಂಪಡಿಸಿರೆಂದು ತಜ್ಞರು ಹೇಳಿದರೆ, "ಹೊಲಕ್ಕ ಬಂದು ನೋಡಪಾ ತಮ್ಮಾ, ಆಮ್ಯಾಲೆ ಹೇಳು" ಎಂದು ಇವರು ವಾದಕ್ಕೆ ಇಳಿಯುತ್ತಿದ್ದರು. ನವಲೂರಿನಿಂದ ಉಣಕಲ್ಲಿನವರೆಗೆ ವಾದ ನಡೆದು, ಗೆದ್ದವರ ಗತ್ತಿನಲ್ಲಿ ಆಸ್ಪತ್ರೆಯ ಗಾಲಿಕುರ್ಚಿಗೆ ಇಳಿಯುತ್ತಿದ್ದರು.

ಧಾರವಾಡ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಆಗ ಮಾವನವರಿಗೆ ಹದಿನಾಲ್ಕು ವರ್ಷ. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷ ವರ್ಷವೂ ಶುಲ್ಕ ಕಟ್ಟಿ ಪರವಾನಗಿ ಪಡೆಯಬೇಕಾಗಿದ್ದ ಕಾಲವದು. ಆ ಪದ್ಧತಿ ಪೂರ್ತಿಯಾಗಿ ರದ್ದಾದದ್ದು 1980ರ ದಶಕದಲ್ಲಿ. ತಮ್ಮ ಮೊದಲ ರೇಡಿಯೋ ಮೂಲೆಗುಂಪಾದ ಮೇಲೂ ಅದರ ಪರವಾನಗಿ ಪುಸ್ತಕವನ್ನು ಮಾವನವರು ಹೊಲದ ಕಾಗದಗಳೊಡನೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಉತಾರದ ಪಕ್ಕದಲ್ಲಿ ರೇಡಿಯೋದ ಪುಸ್ತಕ! ಎರಡೂ ಆಸ್ತಿಯೇ ಎಂಬುದು ಅವರ ಲೆಕ್ಕ.

ಆ ವರ್ಷ ನಮ್ಮ ಕಡೆ ಮಳೆ ಕೈಕೊಟ್ಟಿತ್ತು. ಆಷಾಢದ ಒಂದು ಮಂಗಳವಾರ ಮಳೆಯ ಸುದ್ದಿ ಕೇಳಲು ಕಿವಿ ನಿಮಿರಿಸಿ ಕುಳಿತಿದ್ದಾಗ, ರಾಯಾಪುರ ದಾಟುತ್ತಲೂ ರೇಡಿಯೋ ಪಕ್ಕನೆ ಆರಿಹೋಯಿತು. ಮಾವನವರು ಮೊದಲ ಗುಂಡಿ ಒತ್ತಿದರು, ಮತ್ತೆ ಒತ್ತಿದರು. ಬೆರಳನ್ನು ಅಲ್ಲಿಯೇ ಇಟ್ಟುಕೊಂಡು ನವನಗರ ದಾಟಿದೆವು. ಉಣಕಲ್ಲಿನ ಹತ್ತಿರ ಕೈಯನ್ನು ಮಡಿಲಿಗೆ ತೆಗೆದುಕೊಂಡು, "ಸಾಕ ಬಿಡವಾ ಇನ್ನ" ಎಂದರು.

ಯಾವುದು ಸಾಕು ಎಂದು ನಾನು ಕೇಳಲಿಲ್ಲ. ರೇಡಿಯೋದ ಮಾತಾಗಿದ್ದರೆ ಅಷ್ಟು ಮೆಲ್ಲಗೆ ಹೇಳಬೇಕಾಗಿರಲಿಲ್ಲ. ಎರಡು ವರ್ಷ ಕಳೆದ ಮೇಲೆ ಕೆಲವರಿಗೆ ಬೇಸರ ಬಂದುಬಿಡುತ್ತದೆ, ಬರುವುದನ್ನೇ ನಿಲ್ಲಿಸುತ್ತಾರೆ ಎಂದು ವೈದ್ಯರು ಹಿಂದೊಮ್ಮೆ ನನಗೆ ಎಚ್ಚರ ಹೇಳಿದ್ದರು. ನಿಲ್ಲಿಸಿದರೆ ಮುಂದೇನೆಂಬುದು ನನಗೂ ಗೊತ್ತಿತ್ತು, ಮಾವನವರಿಗೂ ಗೊತ್ತಿತ್ತು. ಅಂದು ಮರಳಿ ಬರುವಾಗ ಅವರು ಒಂದು ಮಾತನ್ನೂ ಆಡಲಿಲ್ಲ. ಶುಕ್ರವಾರಕ್ಕೆ ಮೂರು ದಿನವಿತ್ತು.

ರೇಡಿಯೋ ಸತ್ತಂತೆ ಕಂಡಾಗ ಮೊದಲು ನೋಡಬೇಕಾದದ್ದು ರೇಡಿಯೋವನ್ನಲ್ಲ, ಅದರ ನೆರೆಹೊರೆಯನ್ನು. ಹಾರ್ನ್ ಗಟ್ಟಿಯಾಗಿ ಕೂಗುತ್ತಿತ್ತು, ಮುಂದಿನ ದೀಪಗಳು ಪ್ರಕಾಶವಾಗಿದ್ದವು. ಆದ್ದರಿಂದ ಬ್ಯಾಟರಿ ನೆಟ್ಟಗಿತ್ತು. ಆದರೆ ಸಿಗರೇಟು ಹೊತ್ತಿಸುವುದಕ್ಕೆಂದು ಕಾರಿನಲ್ಲಿ ಮಾಡಿರುವ ತೂತಿಗೆ ಮೊಬೈಲಿನ ಚಾರ್ಜರ್ ಸಿಕ್ಕಿಸಿದರೆ ಅದೂ ಸುಮ್ಮನಿತ್ತು. (ನಮ್ಮ ಮನೆತನದಲ್ಲಿ ಆ ತೂತು ಬೇರೆ ಯಾವ ಉಪಯೋಗವನ್ನೂ ಕಂಡಿಲ್ಲ.) ಇದು ದೊಡ್ಡ ಸುಳಿವು. ಅನೇಕ ಕಾರುಗಳಲ್ಲಿ ಇವೆರಡಕ್ಕೂ ಒಂದೇ ಫ್ಯೂಸು ಇರುತ್ತದೆ. ಎರಡು ಉಪಕರಣಗಳು ಒಂದೇ ಗಳಿಗೆಯಲ್ಲಿ ತಾವಾಗಿ ಕೆಡುವುದಕ್ಕಿಂತ ಅವೆರಡಕ್ಕೂ ಸೇರಿದ ದಾರಿಯೊಂದು ಕಡಿದಿರುವ ಸಂಭವವೇ ಹೆಚ್ಚು.

ಫ್ಯೂಸುಗಳ ಪೆಟ್ಟಿಗೆ ಚಾಲಕರ ಮೊಣಕಾಲಿನ ಬಳಿ, ಡ್ಯಾಶ್‌ಬೋರ್ಡಿನ ಕೆಳಗೆ ಇತ್ತು. ಪ್ರತಿ ಫ್ಯೂಸಿನ ಬಣ್ಣವೇ ಅದರ ಶಕ್ತಿಯನ್ನು ಹೇಳುತ್ತದೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ನಮ್ಮದು ನೀಲಿ. ಕಿತ್ತು ಬೆಳಕಿಗೆ ಹಿಡಿದರೆ ಒಳಗಿನ ಸೇತುವೆ ಕರಗಿ ಎರಡು ತುಂಡಾಗಿತ್ತು. ಅದೇ ನೀಲಿಯ ಹೊಸದೊಂದನ್ನು ಹಾಕಿದೆ. ರೇಡಿಯೋದ ದೀಪ ಹತ್ತಿತು. ಪಿ.ಯು.ಸಿ. ಓದುತ್ತಿದ್ದ ಮಗ ಚಪ್ಪಾಳೆ ತಟ್ಟಿದ. ಪರೀಕ್ಷೆಗೆಂದು ಓಣಿಯಲ್ಲಿ ಒಂದು ಸುತ್ತು ಹೋದೆವು. ಮೊದಲ ದಿಬ್ಬ ಹತ್ತಿ ಇಳಿಯುವಷ್ಟರಲ್ಲಿ ದೀಪ ಆರಿತು. ಹೊಸ ಫ್ಯೂಸೂ ಸುಟ್ಟಿತ್ತು.

ಫ್ಯೂಸು ಸುಡುವುದು ರೋಗದ ಲಕ್ಷಣವಷ್ಟೆ. ಜ್ವರ ಬಂತೆಂದು ಉಷ್ಣಮಾಪಕವನ್ನು ಬದಲಿಸುವವರಿಲ್ಲ. ಆದರೆ ಬುಧವಾರ ಕಾರಿನ ಸಾಮಾನು ಮಾರುವ ಅಂಗಡಿಯೊಂದಕ್ಕೆ ಹೋದರೆ, ಅಲ್ಲಿಯ ಹುಡುಗ ಬಲು ಉದಾರವಾಗಿ ಹಸಿರು ಫ್ಯೂಸೊಂದನ್ನು ಕೈಗಿತ್ತು, "ಇದನ್ನ ಹಾಕ್ರಿ ಮೇಡಮ್, ಮತ್ತ ಸುಡೂದಿಲ್ಲ" ಎಂದ. ಅವನ ಮಾತು ನಿಜವೇ. 30 ಆಂಪಿಯರಿನ ಫ್ಯೂಸು ಸುಡದಿರಬಹುದು. ಅದರ ಬದಲಿಗೆ ತಂತಿ ಸುಡುತ್ತದೆ, ಆಮೇಲೆ ತಂತಿಯ ಸುತ್ತಲಿನ ಪ್ಲಾಸ್ಟಿಕ್ಕು, ಅದರ ಪಕ್ಕದಲ್ಲಿ ಕುಳಿತವರು ಕಣ್ಣು ಕಾಣದವರು, ಕಾಲಿನಲ್ಲಿ ಶಕ್ತಿ ಇಲ್ಲದವರು. ಕಾರಿನ ತಂತಿಗಳನ್ನು ಅವುಗಳ ಫ್ಯೂಸಿಗೆ ತಕ್ಕಂತೆಯೇ ಆಯ್ದು ಹಾಕಿರುತ್ತಾರೆ. ಕೈಪಿಡಿಯಲ್ಲಿ ಹೇಳಿದ ಬಣ್ಣ ಬಿಟ್ಟು ಬೇರೆ ಬಣ್ಣದ ಫ್ಯೂಸನ್ನು ಯಾರೂ ಹಾಕಬಾರದು; ಸಿಗರೇಟಿನ ಬೇಗಡೆ ಸುತ್ತುವ ಚಾತುರ್ಯವಂತೂ ಬೇಡವೇ ಬೇಡ.

ಅದೇ ಅಂಗಡಿಯಲ್ಲಿ ಹೊಸ ರೇಡಿಯೋಗಳನ್ನೂ ನೋಡಿದೆ. ಪೆನ್‌ಡ್ರೈವ್ ಸಿಕ್ಕಿಸಬಹುದು, ಬಣ್ಣಬಣ್ಣದ ದೀಪಗಳಿವೆ, ಬೆಲೆಯೂ ಹೆಚ್ಚಲ್ಲ. ಆದರೆ ಕೈಗೆಟಕುವ ಬೆಲೆಯ ಸೆಟ್ಟುಗಳಲ್ಲಿ ಇದ್ದುದು ಎಫ್.ಎಂ. ಮಾತ್ರ, ಮಧ್ಯಮ ತರಂಗ ಇರಲೇ ಇಲ್ಲ. "ಅದನ್ನ ಈಗ ಯಾರ ಕೇಳ್ತಾರ್ರಿ?" ಎಂದು ಹುಡುಗ ಕೇಳಿದ. ಕೇಳುವವರು ನಮ್ಮ ಮನೆಯಲ್ಲಿ ಒಬ್ಬರಿದ್ದಾರೆಂದು ಹೇಳಿ ಮರಳಿದೆ. ಮೊಬೈಲಿನಲ್ಲಿ ಅಜ್ಜನಿಗೆ ಬೇಕಾದ ಹಾಡು ತುಂಬಿಕೊಟ್ಟರಾಯಿತೆಂದು ಮಗನ ಸಲಹೆ. ಅಂದು ಸಂಜೆ ಪ್ರಯತ್ನಿಸಿಯೂ ನೋಡಿದ. ಎರಡು ಹಾಡು ಮುಗಿಯುವಷ್ಟರಲ್ಲಿ ಮಾವನವರು, "ಇದು ನಾವು ಹೇಳಿದ್ದನ್ನ ಹಾಡ್ತದ ಕೂಸ. ಅದು ತಾನಾಗೇ ಹೇಳ್ತಿತ್ತು" ಎಂದು ಮೊಬೈಲನ್ನು ಅವನ ಕೈಗೆ ಕೊಟ್ಟರು. ಈ ಭೇದವನ್ನು ಅಷ್ಟು ಚೊಕ್ಕವಾಗಿ ಹೇಳಲು ನನಗೆ ಬಂದೀತೆಂದು ತೋರುವುದಿಲ್ಲ.

ಗುರುವಾರ ಮಧ್ಯಾಹ್ನ ಮಾವನವರು ಮಲಗಿದ ಮೇಲೆ ನಾನೂ ಮಗನೂ ಕಾರಿನ ಬಾಗಿಲು ತೆರೆದು ಕುಳಿತೆವು. ಕಾರಿನ ರೇಡಿಯೋ ಯಾವ ಕಂಪನಿಯದಾದರೂ ಸಾಧಾರಣವಾಗಿ ಅದರ ಮುಖ ಹದಿನೆಂಟು ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಎತ್ತರ; ಇಕ್ಕೆಲಗಳ ಸಂದಿಯಲ್ಲಿ ಚಪ್ಪಟೆಯಾದ ಎರಡು ತಗಡಿನ ಕೀಲಿಗಳನ್ನು ತೂರಿಸಿದರೆ ಹಿಡಿತ ಬಿಟ್ಟು ಮುಂದಕ್ಕೆ ಜಾರುತ್ತದೆ. ಹಿಂದೆ ತಂತಿಗಳ ಜಡೆ. ಕಂಡು ಗಾಬರಿಯಾಗಬೇಕಾದುದೇನಿಲ್ಲ, ಆಮೇಲೆ ಕೂರಿಸುವ ಸೆಟ್ಟುಗಳಲ್ಲಿ ಬಹುಮಟ್ಟಿಗೆ ಒಂದೇ ವರ್ಣಮಾಲೆ ಇರುತ್ತದೆ. ಹಳದಿ ತಂತಿ ಬ್ಯಾಟರಿಯಿಂದ ಸದಾಕಾಲ ಬರುವ ವಿದ್ಯುತ್ತು, ಸೆಟ್ಟಿನ ನೆನಪನ್ನು ಕಾಯುವುದು ಅದೇ. ಕೆಂಪು, ಬೀಗದ ಕೈ ತಿರುಗಿಸಿದಾಗ ಬರುವುದು. ಕಪ್ಪು, ಕಾರಿನ ಮೈಗೆ ಸೇರುವ ಅರ್ಥ್. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ಸ್ಪೀಕರುಗಳಿಗೆ. ನಮ್ಮ ಸೆಟ್ಟನ್ನು ಕೂರಿಸಿದವರು ಹಳದಿ ತಂತಿಯನ್ನು ಆ ಸಿಗರೇಟಿನ ತೂತಿನ ತಂತಿಗೆ ಕೂಡಿಸಿದ್ದರು. ಕೀಲಿ ತೆಗೆದರೂ ನಮ್ಮ ಕಾರಿನಲ್ಲಿ ಅಲ್ಲಿ ವಿದ್ಯುತ್ತಿರುತ್ತದೆ.

ಈಗ ದೋಷ ಸೆಟ್ಟಿನ ಒಳಗಿದೆಯೋ ತಂತಿಯಲ್ಲಿದೆಯೋ ಎಂಬುದನ್ನು ಬೇರ್ಪಡಿಸಬೇಕು. ಒಂದೊಂದೇ ಫ್ಯೂಸು ಹಾಕಿ ಸುಡುತ್ತ ಹೋದರೆ ಫ್ಯೂಸಿಗೆ ದುಡ್ಡು ದಂಡ. ಅದಕ್ಕೊಂದು ಹಳೆಯ ಉಪಾಯವಿದೆ. ಸೆಟ್ಟಿನ ಕೊಂಡಿಯನ್ನು ಕಳಚಿಟ್ಟು, ಚಾರ್ಜರನ್ನೂ ತೆಗೆದು, ಫ್ಯೂಸಿನ ಜಾಗದಲ್ಲಿ ಎರಡು ತಂತಿಗಳ ಮೂಲಕ ಬ್ರೇಕಿನ ದೀಪದ ಬಲ್ಬೊಂದನ್ನು ಕೂಡಿಸಿದೆ. 12 ವೋಲ್ಟ್, 21 ವ್ಯಾಟ್. ದಾರಿಯ ಕೊನೆಯಲ್ಲಿ ಏನೂ ಇಲ್ಲದ್ದರಿಂದ ಬಲ್ಬು ಉರಿಯಬಾರದು. ಎಲ್ಲಿಯಾದರೂ ತಂತಿಯ ತಾಮ್ರ ಕಾರಿನ ಕಬ್ಬಿಣಕ್ಕೆ ತಾಗಿದರೆ ಮಂಡಲ ಪೂರ್ಣಗೊಂಡು ಬಲ್ಬು ಪ್ರಕಾಶವಾಗಿ ಉರಿಯುತ್ತದೆ. ಉರಿದಾಗಲೂ ಅದು ಎರಡು ಆಂಪಿಯರಿಗಿಂತ ಕಡಿಮೆ ಪ್ರವಾಹವನ್ನೇ ಬಿಡುವುದರಿಂದ ತಂತಿಗೆ ಅಪಾಯವಿಲ್ಲ. ಸುಡುವ ಫ್ಯೂಸಿನ ಬದಲು ತೋರಿಸುವ ದೀಪ.

ಬಲ್ಬು ಆರಿಯೇ ಇತ್ತು. ಮಗನನ್ನು ಬಲ್ಬು ನೋಡುತ್ತ ಕೂಡೆಂದು ಹೇಳಿ ನಾನು ತಂತಿಯನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಹೋದೆ. ಸೆಟ್ಟಿನ ಹಿಂದೆ ಏನಿಲ್ಲ. ತೂತಿನ ಹಿಂದೆ ಏನಿಲ್ಲ. ಎಡಗಡೆ, ಮಾವನವರ ಆಸನದ ಮುಂದೆ, ಡ್ಯಾಶ್‌ಬೋರ್ಡಿನ ಕೆಳಗೆ ಸಾಮಾನಿಡುವ ತೆರೆದ ಗೂಡಿದೆ. ಅದಕ್ಕೆ ಹಿಂದಿನ ಗೋಡೆಯಿಲ್ಲ. ಅದರೊಳಗೆ ಕೈ ಹಾಕಿ ಒತ್ತಿದೊಡನೆ, "ಅವ್ವಾ, ಹತ್ತಿತು!" ಎಂದ ಮಗ. ಕೈ ತೆಗೆದರೆ ಆರಿತು. ಒತ್ತಿದರೆ ಹತ್ತಿತು. ಟಾರ್ಚು ಹಿಡಿದು ನೋಡಿದಾಗ, ತಗಡಿನ ಪಟ್ಟಿಯೊಂದರ ಹರಿತವಾದ ಅಂಚಿಗೆ ಹಳದಿ ತಂತಿ ತಾಗಿ ತಾಗಿ ಹೊದಿಕೆ ಹರಿದು, ತಾಮ್ರ ಮಿಂಚುತ್ತಿತ್ತು.

ಆ ಗೂಡಿನಲ್ಲಿ ನಾವು ಇಡುತ್ತಿದ್ದದ್ದು ಒಂದೇ ವಸ್ತು: ಮಾವನವರ ಆಸ್ಪತ್ರೆಯ ಕಡತ. 2010ರಲ್ಲಿ ಅದು ನಾಲ್ಕು ಹಾಳೆಯ ತೆಳು ಫೈಲಾಗಿತ್ತು. ವಾರಕ್ಕೆರಡು ವರದಿ, ತಿಂಗಳಿಗೊಂದು ರಕ್ತಪರೀಕ್ಷೆ ಸೇರುತ್ತ ಸೇರುತ್ತ ಎರಡು ವರ್ಷದಲ್ಲಿ ಅಂಗೈ ಅಗಲದಷ್ಟು ದಪ್ಪವಾಗಿ, ಗೂಡಿನ ಹಿಂಬದಿಗೆ ಸರಿದು, ದಿಬ್ಬ ಹತ್ತಿದಾಗಲೆಲ್ಲ ತಂತಿಯನ್ನು ಆ ಅಂಚಿಗೆ ಒತ್ತುತ್ತಿತ್ತು. ಬಲ್ಬು ಉರಿಸುತ್ತ ಆರಿಸುತ್ತ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮಗ ಏನಾಯಿತೆಂದು ಕೇಳಿದ, ಏನಿಲ್ಲವೆಂದೆ.

ದುರಸ್ತಿಗೆ ಅರ್ಧ ತಾಸು ಸಾಕಾಯಿತು. ಬ್ಯಾಟರಿಯ ಋಣ ತಂತಿ ಕಳಚಿ, ಹರಿದ ಭಾಗಕ್ಕೆ ನಿರೋಧಕ ಟೇಪು ಸುತ್ತಿ, ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಸೀಳಿ ಅದರ ಮೇಲೆ ತೊಡಿಸಿದೆ. ತಗಡಿನ ಅಂಚನ್ನು ಅರದಿಂದ ತಿಕ್ಕಿ ಮೊಂಡು ಮಾಡಿ, ತಂತಿಯನ್ನು ಮೇಲಕ್ಕೆತ್ತಿ ಕಟ್ಟಿದೆ. ಕಡತ ಹಿಂದಿನ ಆಸನಕ್ಕೆ ಹೋಯಿತು. ನೀಲಿ ಫ್ಯೂಸು ಹಾಕಿ ಓಣಿಯ ದಿಬ್ಬವನ್ನು ಆರು ಸಲ ಹತ್ತಿಳಿದೆವು. ದೀಪ ಆರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಾವನವರು ಕಾರಿಗೆ ಬಂದು ಕುಳಿತರು. ಬರುವುದಿಲ್ಲವೆನ್ನಬಹುದೆಂದು ಹೆದರಿದ್ದೆ, ಹಾಗೆನ್ನಲಿಲ್ಲ. ಕೈಯನ್ನು ಮಾತ್ರ ಮುಂದಕ್ಕೆ ಚಾಚಲಿಲ್ಲ. "ಮಾಮಾ, ಹಚ್ಚಿ ನೋಡ್ರಿ" ಎಂದೆ. ಒತ್ತಿದರು. ಮೊದಲ ಗುಂಡಿಯಲ್ಲಿ ಬರಿಯ ಭೋರ್ಗರೆತ. ವಿದ್ಯುತ್ತು ಕಡಿದಾಗ ಸೆಟ್ಟಿನ ನೆನಪು ಅಳಿಸಿಹೋಗಿ, ಗುಂಡಿಗಳಲ್ಲಿ ಕೂಡಿಸಿಟ್ಟ ಕೇಂದ್ರಗಳು ಹೋಗಿದ್ದವು. ಇದನ್ನು ನಿರೀಕ್ಷಿಸಿಯೇ ಇದ್ದೆ. ಗಾಡಿಯನ್ನು ಬದಿಗೆ ನಿಲ್ಲಿಸಿ ಧಾರವಾಡವನ್ನು ಹುಡುಕಿದೆ. ಸಿಕ್ಕಿದ್ದು ಧಾರವಾಡವೇ, ಆದರೆ ಮಾತೆಲ್ಲ ಹಲ್ಲಿನ ಸಂದಿಯಿಂದ ಬಂದಂತೆ ಸೀಟಿ ಹೊಡೆಯುತ್ತಿತ್ತು. ಹಾಡು ಒಡೆದ ತಗಡಿನ ಸದ್ದಾಗಿತ್ತು. ಕೇಂದ್ರ ಇರುವ ಊರಿನಲ್ಲಿಯೇ ನಿಂತು ಕೇಳಿದರೆ ಹೀಗೆ! ಮಾವನವರು ಒಂದು ಗಳಿಗೆ ಆಲಿಸಿ, "ಇದು ಧಾರವಾಡ ಅಲ್ಲ ಬಿಡವಾ, ಧಾರವಾಡದ ದೆವ್ವ" ಎಂದು ಆರಿಸಿಬಿಟ್ಟರು. ಮೂರು ದಿನದಲ್ಲಿ ಅವರು ಆಡಿದ ಉದ್ದನೆಯ ಮಾತು ಅದು.

ಅವರನ್ನು ಯಂತ್ರಕ್ಕೆ ಒಪ್ಪಿಸಿ, ಆಸ್ಪತ್ರೆಯ ಅಂಗಳದಲ್ಲಿ ಬೇವಿನ ನೆರಳಿಗೆ ಕಾರು ನಿಲ್ಲಿಸಿ, ರೇಡಿಯೋದ ಮುಂದೆ ಕುಳಿತೆ. ನಾಲ್ಕು ತಾಸು ಕೈಯಲ್ಲಿತ್ತು. ಏರಿಯಲ್ಲಿನ ದೋಷವೇ? ಏರಿಯಲ್ ಸಡಿಲಾದರೆ ಧ್ವನಿ ಕ್ಷೀಣಿಸುತ್ತದೆ, ಆದರೆ ಹೀಗೆ ಸೊಟ್ಟಗಾಗುವುದಿಲ್ಲ. ಆದರೂ ಅದರ ಬುಡದ ತಿರುಪನ್ನು ಬಿಗಿಮಾಡಿ ನೋಡಿದೆ, ಬದಲಾವಣೆಯಿಲ್ಲ. ಸ್ಪೀಕರು ಹರಿದಿದೆಯೇ? ಸಿ.ಡಿ. ಹಾಕಿದರೆ ಹಾಡು ನಿರ್ಮಲವಾಗಿ ಬಂತು. ಹಾಗಾದರೆ ತಂತಿಗಳೂ ಸ್ಪೀಕರೂ ನಿರ್ದೋಷಿಗಳು. ಮತ್ತೆ ಧಾರವಾಡದ ಕಡೆ ಗುಂಡಿ ಒತ್ತುತ್ತ ಹೋದೆ. ಕಿಟಕಿಯಲ್ಲಿ ಅಂಕೆಗಳು ಮೂಡಿದವು: 740, 750, 760, 770, 780.

765 ಎಲ್ಲಿ?

ಔಷಧಿ ಅಂಗಡಿಯ ರಸೀತಿಯ ಬೆನ್ನ ಮೇಲೆ ನನಗೆ ನೆನಪಿದ್ದ ಕೇಂದ್ರಗಳನ್ನೆಲ್ಲ ಬರೆದೆ. ಬೆಂಗಳೂರು 612, ಭದ್ರಾವತಿ 675, ಧಾರವಾಡ 765, ಕಲಬುರಗಿ 1107. ಪ್ರತಿಯೊಂದೂ ಒಂಬತ್ತರಿಂದ ಭಾಗವಾಗುತ್ತದೆ. ಧಾರವಾಡವಂತೂ ಒಂಬತ್ತು ಎಂಬತ್ತೈದಲೆ. ನಮ್ಮ ರೇಡಿಯೋ ಹತ್ತರ ಮಗ್ಗಿ ಹೇಳುತ್ತಿತ್ತು! ಆಗ ಅದರ ಹುಟ್ಟೂರು ನೆನಪಿಗೆ ಬಂತು. 2010ರಲ್ಲಿ ಯಜಮಾನರ ಅಣ್ಣನ ಮಗ ಅಮೆರಿಕದಿಂದ ಬಂದಾಗ ಅಜ್ಜನಿಗೆಂದು ತಂದು ಕೂರಿಸಿದ ಸೆಟ್ಟು ಅದು.

ಮಧ್ಯಮ ತರಂಗದಲ್ಲಿ ಒಂದು ಕೇಂದ್ರಕ್ಕೂ ಮತ್ತೊಂದಕ್ಕೂ ಇರಬೇಕಾದ ಅಂತರ ಲೋಕಕ್ಕೆಲ್ಲ ಒಂದೇ ಅಲ್ಲ. 1975ರಲ್ಲಿ ಜಿನೀವಾದಲ್ಲಿ ನಡೆದ ಸಮ್ಮೇಳನದ ಒಪ್ಪಂದದಂತೆ ಏಷ್ಯಾ, ಆಫ್ರಿಕಾ, ಯುರೋಪುಗಳ ಕೇಂದ್ರಗಳು 1978ರ ನವೆಂಬರಿನಿಂದ 9 ಕಿಲೋಹರ್ಟ್ಸ್ ಅಂತರಕ್ಕೆ ಹೊಂದಿಕೊಂಡವು. ಅಮೆರಿಕ ಖಂಡಗಳಲ್ಲಿ 10ರ ಅಂತರ ಹಾಗೆಯೇ ಉಳಿಯಿತು. ಅಲ್ಲಿ ಮಾರುವ ಸೆಟ್ಟು ಹುಟ್ಟಿನಿಂದ ಹತ್ತು ಹತ್ತು ಹೆಜ್ಜೆ ಇಡುತ್ತದೆ. ಇಲ್ಲಿಗೆ ತಂದಾಗ ಹುಡುಗ ಅದನ್ನು ಒಂಬತ್ತಕ್ಕೆ ಹೊಂದಿಸಿದ್ದ. ನೆನಪು ಅಳಿದೊಡನೆ ಅದು ತನ್ನ ತವರಿನ ಲೆಕ್ಕಕ್ಕೆ ಮರಳಿತ್ತು. 760ಕ್ಕೆ ನಿಂತರೂ 770ಕ್ಕೆ ನಿಂತರೂ ಧಾರವಾಡ ಐದು ಕಿಲೋಹರ್ಟ್ಸ್ ದೂರ. ಕೇಂದ್ರದ ನಡುಮನೆಯನ್ನು ಬಿಟ್ಟು ಪಡಸಾಲೆಯ ಅಂಚಿನಲ್ಲಿ ನಿಂತು ಕೇಳಿದಂತೆ, ಧ್ವನಿಯ ಮೇಲುಮೇಲಿನ ಸಿಳ್ಳು ಮಾತ್ರ ಕಿವಿಗೆ ಬೀಳುತ್ತದೆ. ಎಫ್.ಎಂ.ನಲ್ಲೂ ಇಂಥದೇ ಒಂದು ತೊಡಕುಂಟು: ಅಮೆರಿಕದ ಸೆಟ್ಟು ದಶಮಾಂಶದ ಬೆಸಸಂಖ್ಯೆಗಳಲ್ಲಿ ಮಾತ್ರ ನಿಲ್ಲುತ್ತದೆ. ಪರದೇಶದಿಂದ ಮಕ್ಕಳು ಪ್ರೀತಿಯಿಂದ ತಂದ ರೇಡಿಯೋ ಇಲ್ಲಿ ತೊದಲುತ್ತಿದ್ದರೆ, ಕಸಕ್ಕೆ ಎಸೆಯುವ ಮೊದಲು ಅದು ಎಷ್ಟರ ಮಗ್ಗಿ ಹೇಳುತ್ತಿದೆಯೆಂದು ನೋಡಿಕೊಳ್ಳಬೇಕು.

ಅಮೆರಿಕದಲ್ಲಿ ಆಗ ರಾತ್ರಿ. ಹುಡುಗನಿಗೆ ಫೋನು ಮಾಡಿದೆ. ಅಜ್ಜನಿಗೆ ಏನಾಯಿತೆಂದು ಗಾಬರಿಯಿಂದ ಎತ್ತಿದವನು, ರೇಡಿಯೋದ ಮಾತು ಕೇಳಿ ನಕ್ಕು, "ಕಾಕೂ, ಸೆಟ್ ಆರಿಸಿ ಎರಡು ಗುಂಡಿ ಕೂಡಿಸಿ ಒತ್ತಿ ಹಿಡೀರಿ" ಎಂದು ಯಾವ ಗುಂಡಿಗಳೆಂದು ಹೇಳಿದ. (ಇವು ಕಂಪನಿಯಿಂದ ಕಂಪನಿಗೆ ಬೇರೆ, ಕೆಲವು ಸೆಟ್ಟುಗಳಲ್ಲಿ ಇದಕ್ಕೆಂದೇ ಹೊಟ್ಟೆಯ ಕೆಳಗೆ ಪುಟ್ಟ ಸ್ವಿಚ್ಚಿರುತ್ತದೆ.) ಒತ್ತಿ ಹಿಡಿದೆ. ಅಂಕೆಗಳು 747, 756 ಎಂದು ಸಾಗಿ 765ಕ್ಕೆ ಬಂದು ನಿಂತವು. ಅದನ್ನು ಮೊದಲ ಗುಂಡಿಗೆ ಒಪ್ಪಿಸಿ, ಧ್ವನಿ ತಗ್ಗಿಸಿ, ಸೆಟ್ಟನ್ನು ಆರಿಸಿಟ್ಟೆ.

ಮಧ್ಯಾಹ್ನ ಮಾವನವರನ್ನು ಕರೆತಂದು ಕೂಡಿಸಿದೆ. ಡಯಾಲಿಸಿಸ್ ಮುಗಿದ ಮೇಲೆ ಅವರಿಗೆ ಬಹಳ ಆಯಾಸವಾಗುತ್ತಿತ್ತು. ನಾನೇನೂ ಹೇಳಲಿಲ್ಲ. ಭೈರಿದೇವರಕೊಪ್ಪ ಬರುವಾಗ ಅವರ ಬೆರಳು ತಾನಾಗಿ ಮುಂದಕ್ಕೆ ಹೋಯಿತು. ಧಾರವಾಡ ಮಾತನಾಡಿತು. ಯಾವುದೋ ಊರಿನ ರೈತರೊಬ್ಬರು ಮಳೆ ತಡವಾದರೆ ಏನು ಬಿತ್ತಬೇಕೆಂದು ಕೇಳಿದ್ದರು, ತಜ್ಞರು ಉತ್ತರಿಸುತ್ತಿದ್ದರು. ಮಾವನವರು ಸತ್ತೂರಿನವರೆಗೆ ಸುಮ್ಮನೆ ಕೇಳಿದರು. ಆಮೇಲೆ, "ಅವಗೇನ ಗೊತ್ತದ ಎರಿ ಭೂಮಿ? ಹಿಂಗಾರಿಗೆ ಕಡ್ಲಿ ಹಾಕ ಅನ್ನಬೇಕ" ಎಂದರು. ಮನೆಯ ಮುಂದೆ ಇಳಿಯುವಾಗ ನನ್ನ ಭುಜ ಹಿಡಿದುಕೊಂಡು, "ಮಂಗಳವಾರ ಒಂದೀಟ ಲಗೂನ ಹೊರಡೂಣು. ಚಿಂತನ ಮೊದಲಿಂದ ಕೇಳಾಕ ಆಗವಲ್ದು" ಎಂದರು.

ಇನ್ನೊಂದು ದೋಷ ಉಳಿದಿತ್ತು. ಎಂಜಿನ್ನಿನ ವೇಗ ಏರಿದಂತೆ ರೇಡಿಯೋದ ಹಿನ್ನೆಲೆಯಲ್ಲಿ ಕೊಳವಿಯ ಹುಳುವಿನಂತೆ ಒಂದು ಗುಂಯ್‌ಗುಟ್ಟುವಿಕೆ ಏರುತ್ತಿತ್ತು, ಇಳಿದಂತೆ ಇಳಿಯುತ್ತಿತ್ತು. ಬ್ಯಾಟರಿಗೆ ವಿದ್ಯುತ್ತು ತುಂಬುವ ಆಲ್ಟರ್ನೇಟರಿನ ದನಿಯದು. ಅರ್ಥ್ ತಂತಿಯ ಹಿಡಿತ ಸರಿಯಿಲ್ಲದಿದ್ದರೆ ಅದು ರೇಡಿಯೋದೊಳಕ್ಕೆ ನುಸುಳುತ್ತದೆ. ಒಂದು ಭಾನುವಾರ ಎಂಜಿನ್ ಓಡಿಸಿಟ್ಟು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣಕ್ಕೂ ಇನ್ನೊಂದನ್ನು ಸೆಟ್ಟಿನ ಕಪ್ಪು ತಂತಿಗೂ ಇಟ್ಟು ನೋಡಿದೆ. ಸೊನ್ನೆಗೆ ಸಮೀಪವಿರಬೇಕಾದಲ್ಲಿ 0.4 ವೋಲ್ಟ್ ತೋರಿಸಿತು. ಕಪ್ಪು ತಂತಿಯನ್ನು ಬಣ್ಣ ಬಳಿದ ತಿರುಪೊಂದರ ಕೆಳಗೆ ಸಿಕ್ಕಿಸಿದ್ದರು. ಬಣ್ಣ ವಿದ್ಯುತ್ತಿಗೆ ಗೋಡೆ, ಮೇಲೆ ತುಕ್ಕು ಬೇರೆ. ಎಡಬದಿಯಲ್ಲಿ ಕಾರಿನ ಮೈಯ ಬಣ್ಣವನ್ನು ಕಾಸಿನಗಲ ಕೆರೆದು, ಹೊಸ ಬೋಲ್ಟು ಹಾಕಿ, ತಂತಿಯನ್ನು ಬಿಗಿಯಾಗಿ ಕೂಡಿಸಿದೆ. ದನಿ ನಿಂತುಹೋಯಿತು.

ಮಂಗಳವಾರ ಮಾವನವರು ಅರ್ಧ ದಾರಿಯವರೆಗೆ ಚಡಪಡಿಸಿದರು. ಕೊನೆಗೆ, "ಯವ್ವಾ, ಗುಂಯ್ ಅನ್ನೂದು ಎಲ್ಲಿ ಹೋತು?" ಎಂದು ಕೇಳಿದರು. ತೆಗೆದೆನೆಂದೆ. "ಹಂಗಾರ ನೀ ಎಷ್ಟ ಜೋರ ಹೊಡಿಯಾಕತ್ತಿ ಅನ್ನೂದು ನನಗ ಹೆಂಗ ತಿಳೀಬೇಕು?" ಎರಡು ವರ್ಷ ನಾನು ವೇಗ ಹೆಚ್ಚಿಸಿದಾಗಲೆಲ್ಲ ಅವರು ತಪ್ಪದೆ "ಸಾವಕಾಶ ನಡಸವಾ" ಎನ್ನುತ್ತಿದ್ದ ಗುಟ್ಟು ಅಂದು ಹೊರಬಿತ್ತು. ಅಂದಿನಿಂದ ವೇಗದ ಮುಳ್ಳು ಎಲ್ಲಿದೆಯೆಂದು ನಾನೇ ಬಾಯಿಬಿಟ್ಟು ಹೇಳುವ ಕರಾರಾಯಿತು. ನಲವತ್ತು, ಐವತ್ತು, ನಲವತ್ತೈದು. ಕೆಲವೊಮ್ಮೆ ವಾರ್ತೆಯ ನಡುವೆ ಹೇಳಿಬಿಟ್ಟರೆ, "ಸುಮ್ಮನಿರ, ಕೇಳಸವಲ್ದು" ಎಂದು ಗದರುತ್ತಿದ್ದರು.

ಮಾವನವರು 2014ರ ಸಂಕ್ರಾಂತಿಯ ಮರುವಾರ ತೀರಿಕೊಂಡರು. ಅದಕ್ಕೆ ಮುಂಚಿನ ಶುಕ್ರವಾರವೂ ನಾವು ಹುಬ್ಬಳ್ಳಿಗೆ ಹೋಗಿ ಬಂದಿದ್ದೆವು. ಕಾರು ಮುಂದೆ ಒಂದೂವರೆ ವರ್ಷ ನಮ್ಮಲ್ಲಿದ್ದು, 2015ರಲ್ಲಿ ಗದಗ ಕಡೆಯ ಯುವಕರೊಬ್ಬರ ಪಾಲಾಯಿತು. ಅವರು ಎಂಜಿನ್, ಟೈರು, ಕಾಗದಪತ್ರ ಎಲ್ಲ ನೋಡಿ, ಕಡೆಯಲ್ಲಿ ರೇಡಿಯೋ ನಡೆಯುತ್ತದೆಯೇ ಎಂದು ಕೇಳಿದರು. ನಡೆಯುತ್ತದೆ, ಮೊದಲ ಗುಂಡಿಯಲ್ಲಿ ಧಾರವಾಡ ಬರುತ್ತದೆ, ಬ್ಯಾಟರಿ ಬದಲಿಸಿದಾಗ ಮಾತ್ರ ಒಂಬತ್ತರ ಲೆಕ್ಕಕ್ಕೆ ಮತ್ತೆ ಹೊಂದಿಸಬೇಕು ಎಂದು ಆ ಎರಡು ಗುಂಡಿಗಳನ್ನು ತೋರಿಸಿಕೊಟ್ಟೆ. ಎಡಬದಿಯ ಹೊಸ ಬೋಲ್ಟನ್ನು ಸಡಿಲಿಸಬೇಡಿರೆಂದೂ ಹೇಳಿದೆ.